ಮೌತ್ ಆರ್ಗನ್ನಿಗೆ ಉಜ್ಜುಗೊರಡು

ಇದನ್ನು ಬರೆಯಬೇಕೆಂದುಕೊಂಡು ಮೂರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಒಮ್ಮೆ ಪೆನ್ನು ಸಿಗಲಿಲ್ಲ, ಒಮ್ಮೆ ಕನ್ನಡಕ ಸಿಗಲಿಲ್ಲ, ಇನ್ನೊಮ್ಮೆ ಎರಡೂ ಸಿಕ್ಕಿದವು. ಆ ಸಿಟ್ಟಿಗೆ ಮಲಗಿಬಿಟ್ಟೆ. ಸಿಟ್ಟು ನನಗೆ ಬೇಗ ಬರುತ್ತದೆ. ತಪ್ಪು ನನ್ನದೇ ಆಗಿದ್ದರೆ ಇನ್ನೂ ಬೇಗ. ಸದ್ಯ ನನ್ನ ಸಿಟ್ಟೆಲ್ಲ ಮೌತ್ ಆರ್ಗನ್ ತಯಾರಿಸುವವರ ಮೇಲಿದೆ. ಅವರು ಯಾವ ದೇಶದಲ್ಲಿದ್ದಾರೋ ಗೊತ್ತಿಲ್ಲ. ಗೊತ್ತಿಲ್ಲದವರ ಮೇಲೆ ಸಿಟ್ಟಾಗುವುದರಲ್ಲಿ ಒಂದು ಅನುಕೂಲವಿದೆ, ಅವರು ತಿರುಗಿ ಮಾತಾಡುವುದಿಲ್ಲ.

ನಾನು ಹಿರಿಯೂರಿನಲ್ಲಿ ಬಾಗಿಲು, ಕಿಟಕಿ ಮಾಡುವ ಬಡಗಿ. ಎಸ್ಸೆಸ್ಸೆಲ್ಸಿ ಪಾಸು. ಅದರಿಂದ ಆದ ಒಂದೇ ಉಪಯೋಗವೆಂದರೆ, ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆ ಮಾತಾಡುವ ಧೈರ್ಯ. ನಮ್ಮ ಕಡೆ ಮಳೆ ಹಿಡಿದ ನಾಲ್ಕು ದಿನ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಜನ ಓಡಿಬಂದು "ಒಂಚೂರು ಸವರಿಕೊಡಪ್ಪ" ಅನ್ನುತ್ತಾರೆ. ನಾವು ಉಜ್ಜುಗೊರಡು ಹಿಡಿದು ಸವರುತ್ತೇವೆ. ಬೇಸಿಗೆ ಬಂದಾಗ ಅದೇ ಬಾಗಿಲ ಸಂದಿನಲ್ಲಿ ಹಲ್ಲಿ ಸಂಸಾರ ಸಮೇತ ಓಡಾಡುತ್ತದೆ. ಆಗ "ಮರವೇ ಸರಿಯಿಲ್ಲ" ಅನ್ನುತ್ತೇವೆ. ಮರವೇನೂ ಬಂದು ನ್ಯಾಯ ಕೇಳುವುದಿಲ್ಲವಲ್ಲ.

ನಮ್ಮ ಬೀದಿಯಲ್ಲಿ, ಪಕ್ಕದ ಆದಿವಾಲದ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಒಬ್ಬಳಿದ್ದಾಳೆ. ಒಡಹುಟ್ಟಿದವಳಲ್ಲ, ಆದರೂ ಅಕ್ಕ ಎಂದೇ ಕರೆಯುತ್ತೇನೆ. ಸೂಜಿ ಚುಚ್ಚುವ ಮೊದಲು ಮಕ್ಕಳ ಅಳು ನಿಲ್ಲಿಸಲು ಮೌತ್ ಆರ್ಗನ್ ನುಡಿಸುತ್ತಿದ್ದಳಂತೆ. ಅಲ್ಲಿನ ಮೀಸೆ ಹೊತ್ತ ಗಂಡಸರು ಇವತ್ತಿಗೂ ಆ ನಾದ ಕೇಳಿದರೆ ಹಿಂದಕ್ಕೆ ಕೈ ಒಯ್ದು ಕುಂಡಿ ಮುಚ್ಚಿಕೊಳ್ಳುತ್ತಾರೆ. ಅವಳದ್ದು ಹಳೇ ಮಾದರಿ. ಮೇಲೊಂದು ಕೆಳಗೊಂದು ಹಿತ್ತಾಳೆ ತಗಡು, ನಡುವೆ ಬಾಚಣಿಗೆಯಂಥ ಮರದ ಪಟ್ಟಿ, ಎಲ್ಲವನ್ನೂ ಹಿಡಿದಿಡಲು ಇರುವೆ ಗಾತ್ರದ ಮೊಳೆಗಳು. ಒಂದು ಮಳೆಗಾಲ ಆ ಮರ ಉಬ್ಬಿ, ಹಲ್ಲುಗಳು ತಗಡಿನಿಂದ ಈಚೆ ಬಂದವು. ಅದನ್ನು ಹಿಡಿದು ಅಂಗಡಿಗೆ ಬಂದಳು.

"ನೋಡಪ್ಪ ತಿಪ್ಪೇಶಿ, ತುಟಿ ಕೊಯ್ತೈತೆ. ಶಿವರಾತ್ರಿ ಆದ್ಮೇಲೆ ದುರ್ಗದಾಗೆ ನಮ್ ಹಳೇ ನರ್ಸುಗಳೆಲ್ಲ ಸೇರ್ತೀವಿ, ನಾನು ಬಾರಿಸ್ಬೇಕು. ಹಾಳುಗೀಳು ಮಾಡೀಯ ಮತ್ತೆ."

"ಬಿಡಕ್ಕ, ಆಳೆತ್ತರದ ಬಾಗ್ಲು ಸರಿ ಮಾಡೋನಿಗೆ ಇದ್ಯಾವ ಲೆಕ್ಕ."

ಮೊಳೆ ಕಿತ್ತೆ. ಉಬ್ಬಿದ್ದಷ್ಟನ್ನೂ ಮೇಲೆ, ಕೆಳಗೆ, ಮುಂದೆ ಸವರಿದೆ. ಮತ್ತೆ ಮೊಳೆ ಹೊಡೆದೆ. ಅವತ್ತು ಚೆನ್ನಾಗಿಯೇ ನುಡಿಯಿತು. ಉಬ್ಬಿದ ಮರ ಇನ್ನೂ ಉಬ್ಬೇ ಇತ್ತಲ್ಲ!

ಶಿವರಾತ್ರಿ ಕಳೆಯಿತು, ಬಿಸಿಲು ಏರಿತು. ಚಿತ್ರದುರ್ಗದಲ್ಲಿ ಎಲ್ಲರ ಮುಂದೆ ನುಡಿಸಲು ನಿಂತವಳು ಅರ್ಧಕ್ಕೇ ನಿಲ್ಲಿಸಿದಳಂತೆ. ಮಾರನೆಯ ದಿನ ನನ್ನ ಹತ್ತಿರ ಬಂದಳು. "ಎಷ್ಟು ಊದಿದ್ರೂ ಬರೀ ಗಾಳಿ ಕಣಪ್ಪ. ಪೀಪಿದೇನಾರ ತೊಂದ್ರೆ ಐತಾ ನೋಡು."

ಬೆಳಕಿಗೆ ಹಿಡಿದೆ. ಮರ ಒಣಗಿ ಕುಗ್ಗಿತ್ತು. ಅದಕ್ಕೂ ತಗಡಿಗೂ ನಡುವಿನ ಸಂದಿನಲ್ಲಿ ರಸ್ತೆ ಕಾಣುತ್ತಿತ್ತು. ಎಲ್ಲ ಗೊತ್ತಾಯಿತು. ಆದರೆ ಪಕ್ಕದಲ್ಲಿ, ಹೊಸ ಮನೆಯ ಬಾಗಿಲುಗಳ ಕೆಲಸ ಒಪ್ಪಿಸಲು ಬಂದ ಮೇಸ್ತ್ರಿ ಕೂತಿದ್ದ. "ಪೀಪಿ ಸರೀಗೈತಕ್ಕ" ಅಂದೆ. "ನಿಂಗೇ ವಯಸ್ಸಾತು. ಉಸ್ರು ಸಾಲ್ತಿಲ್ಲ."

ಅವಳು ವಾದಿಸಬಹುದಿತ್ತು. ವಾದಿಸಿದ್ದರೆ ಕೂಗಾಡಿ ಗೆದ್ದು ಮರೆತುಬಿಡುತ್ತಿದ್ದೆ. "ಹಂಗಂತೀಯಾ?" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಹೋದಳು. ಅವತ್ತಿನಿಂದ ನುಡಿಸುವುದು ಬಿಟ್ಟಳು, ಬೆಳಗಿನ ನಡಿಗೆ ಬಿಟ್ಟಳು, ಮಹಡಿ ಹತ್ತಿ ಬಟ್ಟೆ ಒಣಹಾಕುವುದನ್ನೂ ಬಿಟ್ಟಳು. ದುರ್ಗದ ಡಾಕ್ಟರು ಪರೀಕ್ಷೆ ಮಾಡಿ ಎದೆ ಗಟ್ಟಿಯಾಗಿದೆ ಅಂದರು. ಇಡೀ ನೌಕರಿಯನ್ನು ಡಾಕ್ಟರುಗಳ ಜೊತೆ ಕಳೆದವಳು ಅವರ ಮಾತು ನಂಬಲಿಲ್ಲ. "ಅವ್ರು ಸಮಾಧಾನಕ್ಕೆ ಹೇಳ್ತಾರೆ. ನಮ್ ತಿಪ್ಪೇಶಿ ಇದ್ದದ್ದು ಇದ್ದಂಗೆ ಹೇಳೋನು" ಎಂದು ನನ್ನ ಹೆಂಡತಿಯ ಮುಂದೆ ಹೊಗಳಿದಳು.

ಹೋದ ತಿಂಗಳು ದುರ್ಗದಲ್ಲಿ ಹೊಸ ಮೌತ್ ಆರ್ಗನ್ ಕೊಂಡು ತಂದು, ಮನೆಯಲ್ಲಿ ಬಿಚ್ಚಿ ನೋಡಿದೆ. ಬಿಚ್ಚಲು ಮೊಳೆ ಕೀಳಬೇಕಿಲ್ಲ, ಸ್ಕ್ರೂ! ಒಳಗೆ ಮರವೇ ಇಲ್ಲ, ಪ್ಲಾಸ್ಟಿಕ್! ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಕುಗ್ಗುವುದಿಲ್ಲ. ತುಟಿಗೆ ತಾಗುವ ಅಂಚನ್ನೂ ಗುಂಡಗೆ ಮಾಡಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. "ಈ ಬುದ್ಧಿ ಬಡ್ಡೀಮಕ್ಳಿಗೆ ಮೊದ್ಲೇ ಬರಬಾರ್ದಿತ್ತಾ? ನನ್ನನ್ನ ಪಾಪಿ ಮಾಡಿದ್ರಲ್ಲ!" ಎಂದು ಕೂಗಾಡಿದೆ.

ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಪ್ಲಾಸ್ಟಿಕ್ಕಿಂದು ಬಂದು ಎಷ್ಟು ಕಾಲಾತೋ ಏನೋ. ಹಳೇದ್ರ ಮೊಳೆ ಕೀಳು ಅಂತ ಅವ್ರೇನು ನಿಮ್ಗೆ ಕಾಗ್ದ ಬರ್ದಿದ್ರಾ? ಸುಮ್ನೆ ಹೋಗಿ ತಪ್ಪಾತು ಅನ್ರಿ."

ಹೋದೆ. "ತಪ್ಪಾತಕ್ಕ, ತಪ್ಪಾತಕ್ಕ" ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅವಳು ಬಾಗಿಲು ತೆರೆದಾಗ ಬಾಯಿಂದ ಬಂದದ್ದು ಬೇರೆಯೇ: "ಹೊಸಾ ಮಾಡಲ್ ಕಣಕ್ಕ. ಉಸ್ರು ಕಮ್ಮಿ ಇರೋರಿಗಂತ್ಲೇ ಮಾಡ್ಯಾರೆ."

ಅಳುಕುತ್ತ ಊದಿದಳು. ಬೀದಿಗೆಲ್ಲ ಕೇಳಿಸಿತು. ಅವಳ ಕಣ್ಣು ತುಂಬಿತು. "ಹಂಗಾರೆ ಇನ್ಮೇಲೆ ಮಹಡೀನೂ ಹತ್ತಕ್ಕ" ಅಂದೆ, ಮೆಲ್ಲಗೆ.

"ಏ ಹೋಗೋ. ಪೀಪಿ ಹೊಸದಾತು, ಎದೆ ಹಳೇದೇ ಅಲ್ವೇನಪ್ಪ" ಎಂದು ನಕ್ಕಳು.

ಒಂದು ಸುಳ್ಳಿಗೆ ನಾನೇ ಇನ್ನೊಂದು ಸುಳ್ಳಿನ ಸ್ಕ್ರೂ ಬಿಗಿದು ಬಂದಿದ್ದೆ. ಸಂಜೆ ಅವಳು ಹೋಳಿಗೆ ಕಳಿಸಿದಳು, ಪುಣ್ಯಾತ್ಮನಿಗೆ ಕೊಡಿ ಎಂದು. ಪುಣ್ಯಾತ್ಮ ಎರಡು ತಿಂದ, ತುಪ್ಪ ಕಮ್ಮಿಯಾಯಿತೆಂದು ಹೆಂಡತಿಯ ಮೇಲೆ ರೇಗಿದ. ಇವತ್ತು ಬೆಳಗ್ಗೆಯೂ ಅಕ್ಕ ಒದ್ದೆ ಬಟ್ಟೆಯನ್ನು ಬಿಸಿಲು ಬೀಳದ ಅಂಗಳದಲ್ಲೇ ಹರವುತ್ತಿದ್ದಳು. ನೋಡಿಯೂ ನೋಡದವನಂತೆ ಬಂದೆ. ತಪ್ಪಾಯಿತು ಎನ್ನಲು ಆಗದ ಬಾಯಿಗೆ ಬೈಯುತ್ತ, ಕೈಯಿಂದ ಅಕ್ಕನ ಹೆಸರನ್ನಾದರೂ ಬರೆಸುತ್ತೇನೆ: ಗಿರಿಜಮ್ಮ.