ಅಕ್ಕನ ಹೊಸ ಮೊಣಕಾಲು, ನನ್ನ ಹಳೆಯ ರಿಕ್ಷಾ

ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡ ಅಕ್ಕ ರಜೆ ಮುಗಿಸಿ ಮೊದಲ ದಿನ ಶಾಲೆಗೆ ಹೊರಟ ಬೆಳಿಗ್ಗೆ ನಾನು ರಿಕ್ಷಾ ತೆಗೆದುಕೊಂಡು ಅವಳ ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ನನ್ನ ತಪ್ಪು ಇಷ್ಟೇ. ಬರೆದರೆ ಒಂದು ಸಾಲಿಗೆ ಮುಗಿಯುತ್ತದೆ. ಆದರೆ ಈ ಒಂದು ಸಾಲನ್ನು ಅವಳ ಮುಂದೆ ಹೇಳುವುದಕ್ಕೆ ನನಗೆ ಒಂದು ಮಳೆಗಾಲ ಇಡೀ ಬೇಕಾಯಿತು. ಅಷ್ಟು ಸಮಯ ನಾನು ಅಡಗಿ ಕೂತದ್ದು ಒಂದು ಶಬ್ದದ ಹಿಂದೆ. ನಮ್ಮ ಕಡೆ ಯಾರೂ 'ಹೋಗ್ತೇನೆ' ಎಂದು ಹೇಳಿ ಹೋಗುವುದಿಲ್ಲ. ಅದು ಅಪಶಕುನ. ಕನ್ನಡದಲ್ಲಾದರೆ 'ಬರ್ತೇನೆ', ತುಳುವಿನಲ್ಲಾದರೆ 'ಬರ್ಪೆ' ಎಂದೇ ಚಪ್ಪಲಿ ಹಾಕಿಕೊಳ್ಳಬೇಕು. ಮದುವೆಗೆ ಹೋದರೂ ಅದೇ ಮಾತು, ಜಗಳವಾಡಿ ಹೊರಟರೂ ಅದೇ ಮಾತು. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಬಾಯಿ ಮುಚ್ಚಿಕೊಂಡು ಬರುತ್ತೇವೆ. ಒಟ್ಟಿನಲ್ಲಿ ಬರುತ್ತೇನೆ ಎಂದವರೆಲ್ಲ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ ಎಂದು ನಾನು ನಂಬಿದ್ದೆ. ನಂಬಿದ್ದೆ ಎನ್ನುವುದಕ್ಕಿಂತ, ನಂಬುವುದು ನನಗೆ ಅನುಕೂಲವಾಗಿತ್ತು.

ನಾನು ಬಿ.ಸಿ. ರೋಡಿನಲ್ಲಿ ರಿಕ್ಷಾ ಓಡಿಸುವವನು. ಏಳನೆಯ ಕ್ಲಾಸಿನವರೆಗೆ ಹೋದೆ. ಅಲ್ಲಿಂದ ಮುಂದೆ ಶಾಲೆಯೂ ನನ್ನನ್ನು ಕರೆಯಲಿಲ್ಲ, ನಾನೂ ಅದನ್ನು ಒತ್ತಾಯ ಮಾಡಲಿಲ್ಲ. ಅಕ್ಕ ಹಾಗಲ್ಲ. ಓದಿ ಟೀಚರ್ ಆದಳು. ಬಂಟ್ವಾಳ ಪೇಟೆಯಲ್ಲಿ ಅವಳ ಮನೆ, ನರಿಕೊಂಬಿನ ಕಡೆ ಶಾಲೆ. ಭಾವನದ್ದು ಬೆಳ್ತಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟುಬಿಡುತ್ತಾರೆ. ಕರಿಹಲಗೆಯ ಮುಂದೆ ನಿಂತೂ ನಿಂತೂ ಅಕ್ಕನ ಬಲಮೊಣಕಾಲು ಸವೆದುಹೋಯಿತು. ಎರಡು ಸಾವಿರದ ಇಸವಿ ದಾಟಿದ ಆ ದಿನಗಳಲ್ಲಿ ಮೊಣಕಾಲು ಬದಲಾಯಿಸುವುದು ಎಂದರೆ ನಮ್ಮ ಕಡೆ ದೊಡ್ಡ ಸುದ್ದಿ. ಮಂಗಳೂರಿನ ಡಾಕ್ಟರು ಮೊಣಕಾಲಿಗೆ ಹಾಕುವ ಲೋಹದ ಗಂಟನ್ನು ಮೇಜಿನ ಮೇಲಿಟ್ಟು ತೋರಿಸುತ್ತಿರುವಾಗ ನಾನು ಅಭ್ಯಾಸಬಲದಿಂದ, "ಇದು ಕಂಪನಿಯದ್ದಾ, ಡುಪ್ಲಿಕೇಟಾ ಡಾಕ್ಟ್ರೇ?" ಎಂದು ಕೇಳಿಬಿಟ್ಟೆ. ರಿಕ್ಷಾದ ಬಿಡಿಭಾಗ ಕೊಳ್ಳುವಾಗ ಕೇಳಿ ಕೇಳಿ ಬಾಯಿಗೆ ಕೂತ ಪ್ರಶ್ನೆ. ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. "ಇವನು ನನ್ನ ತಮ್ಮ" ಎಂದು ಹೇಳಿ, ಅದಕ್ಕಿಂತ ಹೆಚ್ಚಿನ ವಿವರಣೆ ಬೇಡವೆಂಬಂತೆ ಗೋಡೆಯ ಕಡೆ ನೋಡಿದಳು.

ಅದೇ ಡಾಕ್ಟರು ಕಳಿಸಿಕೊಡುವಾಗ, "ಬೀಳಬಾರದು, ಗಂಟಿಗೆ ಜೋರು ಪೆಟ್ಟು ಆಗಬಾರದು" ಎಂದರು. ಎಲ್ಲರಿಗೂ ಹೇಳುವ ಮಾತು ಇರಬೇಕು. ಆದರೆ ಹೇಳುವಾಗ ಅವರ ಕಣ್ಣು ನನ್ನ ಮೇಲಿತ್ತು ಎಂದು ನನಗೆ ಅನಿಸಿತು. ಅಂದಿನಿಂದ ರಸ್ತೆಯ ಗುಂಡಿಗಳು ನನಗೆ ಬೇರೆಯೇ ಆಗಿ ಕಾಣತೊಡಗಿದವು. ಅದುವರೆಗೆ ಗುಂಡಿಗೆ ಇಳಿದರೆ ಪ್ಯಾಸೆಂಜರಿನ ತಲೆ ಮೇಲಿನ ಕಂಬಿಗೆ ಬಡಿಯುತ್ತದೆ, ಅವರು ಪಂಚಾಯಿತಿಯನ್ನು ಬೈಯುತ್ತಾರೆ, ನಾನು ಹೌದು ಹೌದು ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಈಗ ಪ್ರತಿ ಗುಂಡಿಯಲ್ಲೂ ಅಕ್ಕನ ಮೊಣಕಾಲು ಕಳಚಿ ಬಿದ್ದ ಹಾಗೆ ಕಾಣುತ್ತಿತ್ತು. ಅದೂ ಜೂನ್ ತಿಂಗಳು. ಗುಂಡಿಗಳೆಲ್ಲ ನೀರು ತುಂಬಿಕೊಂಡು ಕನ್ನಡಿಯ ಹಾಗೆ ಸಪಾಟಾಗಿ ಮಲಗಿರುತ್ತವೆ. ಚಕ್ರ ಇಳಿದ ಮೇಲೆಯೇ ಆಳ ಗೊತ್ತಾಗುವುದು.

ಶಾಲೆಗೆ ಸೇರುವ ಹಿಂದಿನ ಸಂಜೆ ಅಕ್ಕನನ್ನು ನೋಡಲು ಹೋಗಿದ್ದೆ. ಗಂಜಿ ಹಾಕಿದ ಸೀರೆ ಕುರ್ಚಿಯ ಮೇಲೆ ಸಿದ್ಧವಾಗಿತ್ತು. ಊರುಗೋಲಿಗೆ ಹೊಸ ರಬ್ಬರು ಬಂದಿತ್ತು. ಅಕ್ಕನ ಮುಖ ಒಂದನೆಯ ಕ್ಲಾಸಿಗೆ ಸೇರುವ ಮಗುವಿನ ಹಾಗೆ ಹೊಳೆಯುತ್ತಿತ್ತು. "ಇಷ್ಟು ವರ್ಷದಲ್ಲಿ ಒಂದು ದಿನವೂ ಬೆಲ್ಲಿನ ನಂತರ ಹೋದವಳಲ್ಲ. ನಾಳೆ ನಾನು ಪ್ರಾರ್ಥನೆಗೆ ನಿಂತದ್ದನ್ನು ಮಕ್ಕಳು ನೋಡಬೇಕು. ಟೀಚರ್ ಇನ್ನು ಬರುವುದಿಲ್ಲ, ಕಾಲು ಹೋಯಿತು ಅಂತ ಯಾರೋ ಹೇಳಿದ್ದಾರಂತೆ ಅವರಿಗೆ" ಎಂದಳು. ನಾನು ಎದ್ದು ಅಂಗಳಕ್ಕಿಳಿದು ಚಪ್ಪಲಿ ಹುಡುಕುತ್ತಿರುವಾಗ ಒಳಗಿನಿಂದ ಕೇಳಿದಳು: "ನಾಳೆ ಎಂಟೂವರೆಗೆ ಹೊರಟರೆ ಸಾಕಲ್ಲವಾ?" ನಾನು, "ಬರ್ಪೆ ಅಕ್ಕ" ಎಂದೆ. ಅದು ಪ್ರಶ್ನೆಗೆ ಕೊಟ್ಟ ಉತ್ತರವೋ, ಹೊರಡುವವನ ಮಾಮೂಲು ಮಾತೋ? ಆ ಗಳಿಗೆಯಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಂತಾದದ್ದು ಮರುದಿನ.

ಮರುದಿನ ಬೇಗ ಎದ್ದು ರಿಕ್ಷಾ ತೊಳೆದೆ. ಹಿಂದಿನ ಸೀಟಿಗೆ ಮನೆಯ ತಲೆದಿಂಬು ಇಟ್ಟೆ. ಹೆಂಡತಿ, "ಅಕ್ಕನನ್ನು ಕರಕೊಂಡು ಹೋಗುದಾ, ಮದುಮಗಳನ್ನಾ?" ಎಂದು ತಮಾಷೆ ಮಾಡಿದಳು. ಹೊರಟೆ ಕೂಡ. ಸ್ಟ್ಯಾಂಡಿನ ಹತ್ತಿರ ತಲುಪುವಷ್ಟರಲ್ಲಿ ಮುಂದಿನ ಚಕ್ರ ಒಂದು ಗುಂಡಿಗೆ ಇಳಿದು ತಲೆದಿಂಬು ಹಾರಿ ನನ್ನ ಬೆನ್ನಿಗೆ ಬಿತ್ತು. ತಲೆದಿಂಬಿನ ಜಾಗದಲ್ಲಿ ಅಕ್ಕ ಇದ್ದಿದ್ದರೆ? ಒಂದು ಚಹಾ ಕುಡಿದು ಧೈರ್ಯ ಮಾಡುವ ಎಂದು ನಿಲ್ಲಿಸಿದೆ. ಚಹಾ ಮುಗಿದರೂ ಧೈರ್ಯ ಬರಲಿಲ್ಲ. ಬಂದದ್ದು ಮೂಡುಬಿದಿರೆಗೆ ಹೋಗಬೇಕಾದ ಒಬ್ಬರು, ಚೀಲ ಸಮೇತ. "ಬರ್ತೀರಾ?" ಎಂದು ಕೇಳಿದರು. "ಕೂತ್ಕೊಳ್ಳಿ" ಎಂದೆ. ಅಷ್ಟು ದೂರದ ಬಾಡಿಗೆಗೆ ಸಾಮಾನ್ಯವಾಗಿ ಗೊಣಗುವ ನಾನು ಅಂದು ಅವರ ಚೀಲವನ್ನು ನಾನೇ ಎತ್ತಿ ಇಟ್ಟೆ. ಮೂಡುಬಿದಿರೆ ಮುಟ್ಟುವವರೆಗೂ ಅವರೊಡನೆ ಒಂದೇ ಸಮ ಮಾತನಾಡಿದೆ. ಸುಮ್ಮನಿದ್ದರೆ ಎಂಟೂವರೆಯ ನೆನಪಾಗುತ್ತಿತ್ತು.

ಮಧ್ಯಾಹ್ನ ತಿರುಗಿ ಬಂದಾಗ ಸ್ಟ್ಯಾಂಡಿನಲ್ಲಿ ಹಮೀದ್ ಕಾಯುತ್ತಿದ್ದ. ಸಾಲಿನಲ್ಲಿ ನನ್ನ ಹಿಂದೆ ನಿಲ್ಲುವ ರಿಕ್ಷಾ ಅವನದ್ದು. ಅವನ ಮಗಳು ಅಕ್ಕನ ಶಾಲೆಯಲ್ಲೇ ಓದುವುದು, ಅವಳಿಗೆ ಬುತ್ತಿ ಕೊಟ್ಟು ಆಗಷ್ಟೇ ಬಂದಿದ್ದ. "ಎಂತ ಮಾರಾಯ, ನಿನ್ನ ಅಕ್ಕ ಬಸ್ಸಿನಲ್ಲಿ ಹೋದ್ರಂತೆ?" ಎಂದ. ನಮ್ಮ ಕಡೆಯ ಪ್ರೈವೇಟ್ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವೆಂದು ಗೊತ್ತಿದ್ದವರಿಗೆ ನಾನು ಬೇರೆ ಹೇಳಬೇಕಾಗಿಲ್ಲ. ಅಕ್ಕ ಜಗಲಿಯಲ್ಲಿ ನಿಂತು ಕಾದು ಕಾದು, ಕೊನೆಗೆ ರಸ್ತೆಗೆ ನಡೆದು ಹೋಗಿ, ಇಬ್ಬರು ಹೆಂಗಸರು ತೋಳು ಹಿಡಿದು ಎತ್ತಿದ್ದರಿಂದ ಬಸ್ಸು ಹತ್ತಿದ್ದಳು. ಶಾಲೆ ಮುಟ್ಟುವಾಗ ಪ್ರಾರ್ಥನೆ ಶುರುವಾಗಿತ್ತು. ತಡವಾಗಿ ಬಂದವರು ಪ್ರಾರ್ಥನೆ ಮುಗಿಯುವವರೆಗೆ ಗೇಟಿನ ಹೊರಗೆ ನಿಲ್ಲಬೇಕು. ಆ ಕಾನೂನು ಮಾಡಿದವಳು ಅಕ್ಕನೇ. ಹೆಡ್‌ಮಾಸ್ತರು ಓಡಿ ಬಂದು, "ಟೀಚರೇ, ನೀವು ಒಳಗೆ ಬನ್ನಿ, ಇದೆಂತದು" ಎಂದರಂತೆ. ಅಕ್ಕ ಬರಲಿಲ್ಲ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಊರುಗೋಲು ಹಿಡಿದು, ತಡವಾದ ಮಕ್ಕಳ ಸಾಲಿನಲ್ಲಿ ಮಳೆಗೆ ನಿಂತಳು. "ನನ್ನ ಮಗಳಿಗೆ ಅಳು ಬಂತಂತೆ. ನಿನಗೆ ಚಹಾ ಹೇಳ್ಬೇಕಾ?" ಎಂದ ಹಮೀದ್. ಅವನು ಚಹಾ ಕೊಡಿಸುವುದೇ ಅಪರೂಪ. ಅಂದು ಮಾತ್ರ ನನಗೆ ಬೇಡವಾಯಿತು.

ಸಂಜೆ ಮೂಸುಂಬಿ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ನಮ್ಮ ಮನೆಮಾತು ತುಳು. ಬೈಗುಳ, ಪ್ರೀತಿ, ಜ್ವರದ ವಿಚಾರಣೆ ಎಲ್ಲ ತುಳುವಿನಲ್ಲೇ. ಅಂದು ಅಕ್ಕ ಬಾಗಿಲಲ್ಲಿ ನಿಂತು, "ಬನ್ನಿ. ಕುಳಿತುಕೊಳ್ಳಿ. ಚಹಾ ಕುಡಿಯುತ್ತೀರಾ?" ಎಂದು ಶುದ್ಧ ಕನ್ನಡದಲ್ಲಿ, ಅದೂ ಬಹುವಚನದಲ್ಲಿ ಕೇಳಿದಳು. ಮೂಗು ಒರೆಸಿ, ಚಡ್ಡಿ ಹಾಕಿಸಿ ಬೆಳೆಸಿದ ತಮ್ಮನಿಗೆ ಬನ್ನಿ! ಇದಕ್ಕಿಂತ ಊರುಗೋಲಿನಲ್ಲಿ ಎರಡು ಬಿಟ್ಟಿದ್ದರೆ ಹಗುರವಾಗುತ್ತಿತ್ತು. "ಅಕ್ಕ, ನಾನು ಹೊರಡುವಾಗ ಎಲ್ಲರೂ ಹೇಳುವ ಹಾಗೆ ಬರ್ಪೆ ಅಂದದ್ದು" ಎಂದೆ. "ಹೌದು, ನಾನು ತಪ್ಪು ತಿಳಿದುಕೊಂಡೆ. ಕ್ಷಮಿಸಿ" ಎಂದಳು. ಮೂಸುಂಬಿಯನ್ನು ಮೇಜಿನ ಮೇಲಿಟ್ಟು ಎದ್ದೆ. ಹೊರಡುವಾಗ ಏನು ಹೇಳಬೇಕೆಂದು ತಿಳಿಯಲಿಲ್ಲ. ಸಾವಿನ ಮನೆಯಿಂದ ಹೊರಟವನ ಹಾಗೆ ಸುಮ್ಮನೆ ಬಂದೆ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಹತ್ತು ನಿಮಿಷ ಇರುವಾಗಲೇ ಹೋಗಿ ಹಾರ್ನ್ ಹಾಕಿದೆ. ಅವಳು ರಿಕ್ಷಾದ ಪಕ್ಕದಿಂದಲೇ ಬಸ್‌ಸ್ಟಾಪಿಗೆ ನಡೆದು ಹೋದಳು. ಮಳೆಗಾಲ ಇಡೀ ಹೀಗೇ. ಬಸ್ಸಿನ ಹಿಂದೆ ಖಾಲಿ ರಿಕ್ಷಾ ಓಡಿಸಿಕೊಂಡು ಶಾಲೆಯವರೆಗೆ ಹೋಗಿ, ಅವಳು ಇಳಿದದ್ದನ್ನು ನೋಡಿ ತಿರುಗಿ ಬರುತ್ತಿದ್ದೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ನಾನು ಹಲ್ಲು ಕಚ್ಚುತ್ತಿದ್ದೆ. ಹೊಸ ಮೊಣಕಾಲಿಗೆ ಏನೂ ಆಗಲಿಲ್ಲ. ಹಮೀದ್, "ಎಸ್ಕಾರ್ಟ್ ಹೊರಟಿತು, ದಾರಿ ಬಿಡಿ!" ಎಂದು ಸ್ಟ್ಯಾಂಡಿನವರಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಮಳೆ ಕಡಿಮೆಯಾದ ಒಂದು ದಿನ ಪಾಣೆಮಂಗಳೂರಿನ ಹಳೆಯ ಸೇತುವೆಗೆ ಸ್ವಲ್ಪ ಮೊದಲು ಆ ಬಸ್ಸು ಹೊಗೆ ಬಿಟ್ಟು ನಿಂತುಹೋಯಿತು. ಎಲ್ಲರೂ ಇಳಿದರು. ಅಕ್ಕ ರಸ್ತೆಯ ಬದಿಯಲ್ಲಿ ನಿಂತು ಒಮ್ಮೆ ಆಚೆ ನೋಡಿದಳು, ಒಮ್ಮೆ ಈಚೆ ನೋಡಿದಳು, ಗಡಿಯಾರ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ಊರುಗೋಲನ್ನು ಮೊದಲು ಒಳಗಿಟ್ಟು ಹತ್ತಿ ಕೂತು, "ಶಾಲೆಗೆ" ಎಂದಳು, ಬಾಡಿಗೆಯವರ ಹಾಗೆ.

ನಾನು ನಡೆದುಕೊಂಡು ಹೋಗುವವರಿಗಿಂತಲೂ ನಿಧಾನವಾಗಿ ಓಡಿಸಿದೆ. ಸೇತುವೆ ಇಕ್ಕಟ್ಟು, ಒಂದು ಬಸ್ಸು ಬಂದರೆ ಇನ್ನೊಂದಕ್ಕೆ ಜಾಗವಿಲ್ಲ. ನಡುವೆ ತಲುಪಿದಾಗ ಎದುರು ನೋಡುತ್ತಲೇ, "ತಪ್ಪಾಯ್ತು ಅಕ್ಕ" ಎಂದೆ. ನನ್ನ ರಿಕ್ಷಾಕ್ಕೆ ಸೈಲೆನ್ಸರ್ ಇರುವುದು ಹೆಸರಿಗೆ ಮಾತ್ರ. ಆ ಸದ್ದನ್ನು ನಂಬಿಯೇ ಹೇಳಿದ್ದು. ಹೇಳಿದ ಹಾಗೂ ಆಗಬೇಕು, ಕೇಳಿಸದ ಹಾಗೂ ಇರಬೇಕು.

"ಏನು ಹೇಳಿದಿರಿ?"

"ಏನಿಲ್ಲ."

"ಇಂಜಿನ್ ನಿಲ್ಲಿಸಿ ಹೇಳಿ."

"ಸೇತುವೆ ಅಕ್ಕ. ಹಿಂದೆ ಇನ್ನೊಂದು ಬಸ್ಸು ಉಂಟು."

"ಇರಲಿ. ನಿಲ್ಲಿಸು."

ನಿಲ್ಲಿಸು! ಏಕವಚನ ಕೇಳಿ ಎಷ್ಟು ತಿಂಗಳಾಗಿತ್ತು! ಕೀಲಿ ತಿರುಗಿಸಿ ನಿಲ್ಲಿಸಿದೆ. ಕೆಳಗೆ ಹೊಳೆಯ ಸದ್ದು, ಹಿಂದೆ ಬಸ್ಸಿನ ಹಾರ್ನು. "ತಪ್ಪಾಯ್ತು ಅಕ್ಕ" ಎಂದೆ.

"ತಪ್ಪಾಯ್ತು ಅಂದರೆ ಎಂತ? ಮಳೆ ಬಂತು, ಕತ್ತಲಾಯ್ತು, ಹಾಗೆ ತಪ್ಪೂ ಆಯ್ತಾ? ತನ್ನಷ್ಟಕ್ಕೇ? ಮಾಡಿದವರು ಯಾರೂ ಇಲ್ಲವಾ?"

ವ್ಯಾಕರಣಕ್ಕೆ ಹೆದರಿ ಶಾಲೆ ಬಿಟ್ಟವನು ನಾನು. ಅದು ಇಷ್ಟು ವರ್ಷ ಕಾದು, ನಡುಸೇತುವೆಯಲ್ಲಿ ನನ್ನನ್ನು ಹಿಡಿಯಿತು. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಓ ರಿಕ್ಷಾ! ಅಲ್ಲೇ ಮನೆ ಕಟ್ಟುದಾ ಹೇಗೆ?" ಎಂದು ಕೂಗಿದ. ಅಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಯಾರು ಮಾಡಿದ್ದು?" ಎಂದಳು.

"ನಾನು."

"ಪೂರ್ತಿ ವಾಕ್ಯ ಹೇಳು."

ನಾನು ಹಿಂದಕ್ಕೆ ತಿರುಗಿ, ಹಾರ್ನನ್ನು ಮೀರಿಸುವ ಸ್ವರದಲ್ಲಿ ಬಾಯಿ ತೆರೆದೆ. ಸರಿಯಾಗಿ ಅದೇ ಗಳಿಗೆಯಲ್ಲಿ ಹಾರ್ನ್ ನಿಂತದ್ದರಿಂದ ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿಸಿತು: "ನಾನು ತಪ್ಪು ಮಾಡಿದೆ ಅಕ್ಕ. ಬರ್ತೇನೆ ಅಂತ ಮಾತು ಕೊಟ್ಟು, ಹೆದರಿ, ನಿನ್ನನ್ನು ಮಳೆಯಲ್ಲಿ ನಿಲ್ಲಿಸಿದೆ."