ಮಗ್ಗದ ಓಟಕ್ಕೆ ಬ್ಯಾಗ್‌ಪೈಪ್

ದಿನವಿಡೀ ಬಿಡುವ ನಿಟ್ಟುಸಿರೆಲ್ಲ ಸುಮ್ಮನೆ ಗಾಳಿಗೆ ಹೋಗುತ್ತದಲ್ಲ ಎಂಬುದೂ ನನ್ನ ಚಿಂತೆಗಳಲ್ಲಿ ಒಂದು. ಐವತ್ತು ದಾಟಿದ ಮೇಲೆ ಬ್ಯಾಗ್‌ಪೈಪ್ ಕಲಿಯಲು ಒಪ್ಪಿದ್ದಕ್ಕೆ ಬೇರೆ ಕಾರಣ ಹೇಳಲಾರೆ. ಅದರಲ್ಲಿ ಊದಿದ ಉಸಿರೆಲ್ಲ ಬಗಲಿನ ಚೀಲದಲ್ಲಿ ಜಮೆಯಾಗುತ್ತದೆ. ಫೌಜಿನಿಂದ ನಿವೃತ್ತರಾಗಿ ಬನಹಟ್ಟಿಗೆ ಬಂದ ಹವಾಲ್ದಾರರು ಮದುವೆ ಮೆರವಣಿಗೆಗೆಂದು ಪೈಪ್ ಬ್ಯಾಂಡ್ ಕಟ್ಟಿದ್ದರು. ಊದಲು ಒಬ್ಬ ಕಡಿಮೆ ಬಿದ್ದಾಗ ಸಾಲಿ ಮಾಸ್ತರನಾದ ನನ್ನನ್ನು ಎಳೆದುಕೊಂಡರು.

ಮನೆಯಲ್ಲಿ ಮೊದಲ ಸಲ ಊದಿದಾಗ ಹೆಂಡತಿ ಅಡುಗೆಮನೆಯಿಂದಲೇ, "ಯಾರ ಎಮ್ಮಿ ಈಯಾಕತ್ತೈತ್ರೀ?" ಎಂದಳು. "ನಾನು," ಎಂದೆ. "ಹಂಗಾರ ಹೊರಗ ಹೋಗಿ ಈಯ್ರಿ," ಎಂದಳು.

ಹೋದದ್ದು ಪಕ್ಕದ ಈರಣ್ಣನ ಪವರ್‌ಲೂಮ್ ಶೆಡ್ಡಿಗೆ. ಮಗ್ಗಗಳ ಖಟಖಟದಲ್ಲಿ ನಾನು ಊದುವುದು ಯಾರಿಗೂ ಕೇಳಿಸುತ್ತಿರಲಿಲ್ಲ, ನನಗೂ. ಇಷ್ಟು ನೆಮ್ಮದಿಯ ಸಂಗೀತ ಶಾಲೆ ಇನ್ನೊಂದಿಲ್ಲ ಎಂದುಕೊಂಡೆ. ಮೈದಾನದಲ್ಲಿ ಎಲ್ಲರೂ ಕೂಡಿ ತಾಲೀಮು ಮಾಡಿದಾಗ ಬಣ್ಣ ಬಯಲಾಯಿತು. ನನ್ನ ಬೆರಳುಗಳಿಗೂ ಕಾಲುಗಳಿಗೂ ಮಗ್ಗದ ಓಟವೇ ರೂಢಿಯಾಗಿತ್ತು. ಉಳಿದವರು ಅರ್ಧ ಹಾಡಿನಲ್ಲಿದ್ದಾಗ ನಾನು ಮುಗಿಸಿ, ಮೈದಾನದ ಆ ತುದಿಯಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದೆ.

"ಸರ್, ಇದು ಮೆರವಣಿಗಿ, ಸೀರಿ ನೇಯೂದಲ್ಲ," ಎಂದರು ಹವಾಲ್ದಾರರು. "ಈರಣ್ಣನ ಮಗಳ ಮದುವ್ಯಾಗ ಹಿಂಗ ಮಾಡಿದ್ರ ಚೀಲಾ ಕಸಗೊಂಡು ಮನಿಗೆ ಕಳಸ್ತೇನಿ ನೋಡ್ರಿ."

ಆ ಮದುವೆಗೆ ಮುಧೋಳದಿಂದ ವರನ ಕಡೆಯವರು ಬಂದದ್ದೇ ತಡವಾಗಿ. ಎತ್ತರದವನೆಂದು ನನ್ನನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿದ್ದರು. ಚೀಲ ಹೋಗುವ ಭಯಕ್ಕೆ ಡ್ರಮ್ಮಿನ ಪೆಟ್ಟಿಗೇ ಜೀವ ಕಟ್ಟಿಕೊಂಡು ಹೆಜ್ಜೆ ಹಾಕಿದೆ. ಮೆರವಣಿಗೆ ನೇಕಾರರ ಓಣಿಗೆ ಹೊರಳಿತು ನೋಡಿ, ಎರಡೂ ಬದಿಯಲ್ಲಿ ಮಗ್ಗಗಳು ಭರ್ತಿ ಓಡುತ್ತಿದ್ದವು. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಊದುವುದನ್ನು ನಿಲ್ಲಿಸಿದರೆ ಚೀಲದಲ್ಲಿ ಉಳಿದ ಗಾಳಿ ತಾನೇ ಕೂಗಿಕೊಂಡಿತು. ಹಿಂದೆ ಬೀಳಬಾರದೆಂದು ಉಳಿದ ಪೈಪಿನವರು ಓಡಿದರು, ಅವರ ಹಿಂದೆ ಡ್ರಮ್ಮಿನವರು, ಡ್ರಮ್ಮಿಗೆ ಬೆದರಿದ ಕುದುರೆ, ಕುದುರೆಯ ಮೇಲೆ ಬಾಸಿಂಗ ಒತ್ತಿ ಹಿಡಿದ ವರ, ಅವನ ಹಿಂದೆ ಸೀರೆಯ ನಿರಿಗೆ ಎತ್ತಿಕೊಂಡ ಬೀಗತಿಯರು. ಹಂದರ ಮುಟ್ಟಿದಾಗ ಯಾರಿಗೂ ಮಾತಾಡಲು ಉಸಿರಿರಲಿಲ್ಲ.

ನಾನು ತಲೆ ತಗ್ಗಿಸಿ ಚೀಲ ಕಳಚತೊಡಗಿದೆ. ಈರಣ್ಣ ಏದುಸಿರು ಬಿಡುತ್ತ ಬಂದು ಕೈ ಹಿಡಿದ. "ಮುಹೂರ್ತ ಉಳಿಸಿದ್ರಿ ಮಾಸ್ತರ. ತಪ್ಪೇ ಹೋತು ಅಂದಿದ್ರು ಐನಾರು."

ಹವಾಲ್ದಾರರು ಚೀಲವನ್ನು ಮತ್ತೆ ನನ್ನ ಬಗಲಿಗೇ ಸಿಕ್ಕಿಸಿದರು. "ಇರ್ರಿ ಬ್ಯಾಂಡಿನ್ಯಾಗ," ಎಂದರು. "ಮದುವಿಗೆ ಬರ್ರಿ. ಯಾರರ ಸತ್ತು ಮಣ್ಣಿಗೆ ಕರದ್ರ ಮಾತ್ರ ನೀವು ಬರಬ್ಯಾಡ್ರಿ."

ಅಂದಿನಿಂದ ನನ್ನದು ಹೊಸ ಚಿಂತೆ. ಇಡೀ ತಂಡಕ್ಕೆ ಈಗ ನನ್ನ ಓಟವೇ ರೂಢಿಯಾಗಿದೆ. ನನ್ನ ಮಣ್ಣಿನ ದಿನ ಹೊರುವವರ ಗತಿ ಏನು?