ಹತ್ತು ಬೆರಳು ಕಾಣುವ ಕ್ಯಾಮೆರಾ

ಕ್ಯಾಮೆರಾ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಬಾಗಿಲು ತೆರೆದು ಕೂತರೆ ಸಾಕು. ಜಯನಗರದಲ್ಲಿ ನಾನು ಮೂವತ್ತು ವರ್ಷದಿಂದ ಹಾಗೆ ಕೂತಿದ್ದೇನೆ. ಈಗ ಎಲ್ಲರ ಜೇಬಲ್ಲೂ ಫೋನಿದೆ. ಅಂಗಡಿಗೆ ಬರುವವರಲ್ಲಿ ಅರ್ಧ ಜನ ಪಾಸ್‌ಪೋರ್ಟ್ ಫೋಟೋಕ್ಕೆ ಬರುತ್ತಾರೆ, ಇನ್ನರ್ಧ ಜನ ಶಾಪಿಂಗ್ ಕಾಂಪ್ಲೆಕ್ಸಿಗೆ ದಾರಿ ಕೇಳುವುದಕ್ಕೆ. ಹೀಗಾಗಿ ಯಾರಾದರೂ ನಿಜಕ್ಕೂ ಕ್ಯಾಮೆರಾ ಬೇಕು ಎಂದರೆ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ಆ ಚಟ ಬಿಡಿಸಿದ್ದು ವಸಂತಪುರದ ಒಂದು ಮನೆಯವರು. ಅವರ ವಿಷಯ ಈಗ ಹೇಳುವಾಗ ನಗು ಬರುತ್ತದೆ. ಆಗ ನಮಗೆ ಯಾರಿಗೂ ನಗುವಷ್ಟು ಧೈರ್ಯ ಇರಲಿಲ್ಲ.

೧. ಬೀಳಿಸಿ ನೋಡಿದ್ದು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕೂದಲು ಸಣ್ಣಗೆ ಕತ್ತರಿಸಿಕೊಂಡ ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬಾತ ಬಂದ. ಮಿಲಿಟರಿಯಲ್ಲಿದ್ದಾನೆ. ರಜೆ ಮುಗಿದ ಕೂಡಲೇ ವರ್ಷವಿಡೀ ಹಿಮ ಬೀಳುವ ಗಡಿಯ ಠಾಣ್ಯಕ್ಕೆ ಹೋಗಬೇಕು. ಅಲ್ಲಿಗೆ ಫೋನ್ ಒಯ್ಯುವ ಹಾಗಿಲ್ಲ. ಮೇಲಧಿಕಾರಿ ಒಪ್ಪಿದರೆ ಸಣ್ಣದೊಂದು ಕ್ಯಾಮೆರಾ ಇಟ್ಟುಕೊಳ್ಳಬಹುದು, ಆದರೆ ಅದರಲ್ಲಿ ವೈಫೈ ಇರಬಾರದು, ಜಾಗ ತೋರಿಸುವ ಜಿಪಿಎಸ್ ಇರಬಾರದು. ಎದೆಯ ಜೇಬಿನಲ್ಲಿ ಹಿಡಿಯಬೇಕು, ಕೈಜಾರಿದರೆ ಒಡೆಯಬಾರದು.

ನಾನು ಅರ್ಧ ಗಂಟೆ ಮೆಗಾಪಿಕ್ಸೆಲ್ ಬಗ್ಗೆ ಪಾಠ ಮಾಡಿದೆ. ಆತ ನೆಟ್ಟಗೆ ನಿಂತು ಎಲ್ಲವನ್ನೂ ಕೇಳಿದ. ಕೊನೆಗೆ, ನೀರು ಧೂಳು ತಡೆಯುವ ಒಂದು ಕ್ಯಾಮೆರಾ ಕೈಗೆತ್ತಿಕೊಂಡು, "ಸಾರ್, ಒಂದ್ಸಲ ಬೀಳ್ಸಿ ನೋಡ್ಲಾ?" ಅಂದ.

ಎರಡು ಮೀಟರ್ ಎತ್ತರದಿಂದ ಬಿದ್ದರೂ ಏನೂ ಆಗುವುದಿಲ್ಲ ಎಂದು ಡಬ್ಬಿಯ ಮೇಲೇ ಅಚ್ಚು ಹಾಕಿತ್ತು. ಅದನ್ನು ಆತನಿಗೆ ಓದಿ ಹೇಳಿದವನೂ ನಾನೇ. ಈಗ ಬೇಡ ಎನ್ನುವುದು ಹೇಗೆ? ಧಾರಾಳವಾಗಿ ಬೀಳಿಸಪ್ಪಾ ಎಂದೆ. ಕೆಳಗೆ ಹಾಸಿದ ಚಾಪೆಯ ಮೇಲೆ ಬೀಳಿಸುತ್ತಾನೆ ಅಂದುಕೊಂಡಿದ್ದೆ. ಆತ ಕೈಯನ್ನು ತಲೆಯ ಮೇಲಕ್ಕೆತ್ತಿ ನೇರ ನನ್ನ ಗಾಜಿನ ಕೌಂಟರಿನ ಮೇಲೆ ಬಿಟ್ಟ. ಗಾಜು ಈ ತುದಿಯಿಂದ ಆ ತುದಿಗೆ ಸೀಳಿತು. ಆತ ಕ್ಯಾಮೆರಾ ಎತ್ತಿ, ಬಾಯಿ ತೆರೆದು ನಿಂತ ನನ್ನದೊಂದು ಫೋಟೋ ಹೊಡೆದು, ನೋಡಿ, ತೃಪ್ತಿಯಿಂದ ತಲೆಯಾಡಿಸಿದ.

"ಕ್ಯಾಮೆರಾ ಗಟ್ಟಿಯಾಗಿದೆ ಸಾರ್. ಟೇಬಲ್ ಒಂದು ಗಟ್ಟೀದ್ ತಗೊಳ್ಳಿ."

೨. ಅಮ್ಮನ ಷರತ್ತು

ಅಮ್ಮ ನೋಡದೆ ಕೊಳ್ಳುವುದಿಲ್ಲ ಎಂದು ಹೇಳಿ ಹೋದವನು ಮಾರನೆಯ ದಿನ ತಂದೆ ತಾಯಿಯನ್ನು ಕರೆದುಕೊಂಡು ಬಂದ. ತಂದೆಯೂ ಮಿಲಿಟರಿಯಿಂದಲೇ ನಿವೃತ್ತರಾದವರು. ಅವರು ಸ್ಟೂಲಿನ ಮೇಲೆ ಕೂತು, ಎಡಗೈಯನ್ನು ತೊಡೆಯ ಮೇಲೆ ಮಡಿಚಿಟ್ಟುಕೊಂಡು ಸುಮ್ಮನಿದ್ದರು. ನಾನು ತಾಯಿಗೂ ಮೆಗಾಪಿಕ್ಸೆಲ್ ಪಾಠ ಶುರು ಮಾಡಿದೆ. ಆಕೆ ನಡುವೆಯೇ ತಡೆದರು.

"ಅಣ್ಣ, ಇದ್ರಲ್ಲಿ ಹತ್ತು ಬೆರಳೂ ಕಾಣ್ತವಾ?"

ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನನಗೆ ಅರ್ಥವಾಗಲಿಲ್ಲ ಎಂದು ತಿಳಿದು ಆಕೆ ಗಂಡನ ಎಡಗೈ ಎತ್ತಿ ಸೀಳು ಬಿಟ್ಟ ಗಾಜಿನ ಮೇಲೆ ಇಟ್ಟರು. ಕಿರುಬೆರಳೂ ಅದರ ಪಕ್ಕದ್ದೂ ಇರಲಿಲ್ಲ. ಅವರೂ ಅಂಥದೇ ಠಾಣ್ಯದಲ್ಲಿದ್ದಾಗ ಹಿಮ ತಿಂದಿತ್ತು. ಆ ವರ್ಷ ಪೂರ್ತಿ ಅವರು ತಪ್ಪದೆ ಕಾಗದ ಬರೆದಿದ್ದರಂತೆ, ಪ್ರತಿ ಕಾಗದದಲ್ಲೂ ನಾನು ಕ್ಷೇಮ ಎಂದೇ ಇತ್ತಂತೆ. ಹೋದದ್ದು ಎಡಗೈಯ ಬೆರಳಾದ್ದರಿಂದ ಅಕ್ಷರ ಒಂದಿಷ್ಟೂ ಬದಲಾಗಲಿಲ್ಲ. ಮನೆಗೆ ಬಂದು ಕಾಫಿ ಲೋಟಕ್ಕೆ ಕೈಚಾಚಿದಾಗಲೇ ಈಕೆಗೆ ಗೊತ್ತಾದದ್ದು.

ಅದಕ್ಕೇ ಈಗ ಮಗನ ಕಾಗದವನ್ನು ನಂಬುವುದಿಲ್ಲವಂತೆ. ಕೈಗವಸು ಬಿಚ್ಚಿ, ಎರಡೂ ಅಂಗೈ ಬಿಡಿಸಿ ತೋರಿಸುವ ಫೋಟೋ ಬರಬೇಕು. ಮಗನೇ ಫೋಟೋ ಹೊಡೆದರೆ ಒಂದು ಕೈ ಕ್ಯಾಮೆರಾದ ಹಿಂದೆ ಉಳಿಯುತ್ತದೆ, ಆದ್ದರಿಂದ ತಾನಾಗಿಯೇ ಹೊಡೆದುಕೊಳ್ಳುವ ಟೈಮರ್ ಇರಬೇಕು. ಅಂಗಡಿಯವನಾದ ನನಗೇ ಹೊಳೆಯದ್ದನ್ನು ಆಕೆ ಮನೆಯಲ್ಲೇ ಯೋಚಿಸಿಕೊಂಡು ಬಂದಿದ್ದರು.

ಆಗ ತಂದೆ ಮೊದಲ ಸಲ ಬಾಯಿ ಬಿಟ್ಟರು. "ನಾನು ಬರ್ದಿದ್ದು ಸುಳ್ಳಲ್ಲ. ಮಿಕ್ಕಿದ್ದೆಲ್ಲ ಕ್ಷೇಮವಾಗೇ ಇತ್ತು."

ಆಕೆ ಅವರ ಕಡೆ ತಿರುಗಿ ನೋಡಿದ ರೀತಿಗೆ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ.

೩. ಐಸ್‌ಕ್ರೀಮ್ ಅಂಗಡಿಯ ಹಿಮಾಲಯ

ಮೂರನೆಯ ದಿನ ಆತ ತಾಯಿಯೊಂದಿಗೆ ಉಣ್ಣೆಯ ಕೈಗವಸು ತೆಗೆದುಕೊಂಡು ಬಂದ. ಅಲ್ಲಿ ಹಾಕುವ ಹಾಗೇ ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡು, ಆ ಸುಡುಬೇಸಿಗೆಯಲ್ಲಿ ಬೆವರು ಸುರಿಸುತ್ತ ಒಂದೊಂದೇ ಕ್ಯಾಮೆರಾ ಒತ್ತಿ ನೋಡಿದ. ಒಂದು ಗುಂಡಿ ಒತ್ತಿದರೆ ಮೂರು ಒತ್ತಿಹೋಗುತ್ತಿದ್ದವು. ಒಂದು ಕ್ಯಾಮೆರಾದಲ್ಲಿದ್ದ ಫೋಟೋಗಳೆಲ್ಲ ಅಳಿಸಿಹೋದವು. ಇನ್ನೊಂದು ಜಪಾನೀ ಭಾಷೆಗೆ ತಿರುಗಿತು, ಇವತ್ತಿಗೂ ವಾಪಸ್ ಬಂದಿಲ್ಲ. ಕೊನೆಗೆ ಪಾಸಾದದ್ದು ನನ್ನ ಗಾಜು ಒಡೆದ ಆ ಕ್ಯಾಮೆರಾವೇ.

ಇನ್ನು ಚಳಿಯ ಪರೀಕ್ಷೆ. ಪಕ್ಕದ ಐಸ್‌ಕ್ರೀಮ್ ಅಂಗಡಿಯವರು ನನ್ನ ಜೊತೆ ಬೆಳಗಿನ ವಾಕಿಂಗಿಗೆ ಬರುವವರು. ಅವರನ್ನು ಕಾಡಿ ಬೇಡಿ, ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅವರ ಫ್ರೀಜರಿನಲ್ಲಿ ಎರಡು ಗಂಟೆ ಇಟ್ಟೆವು. ಬ್ಯಾಟರಿ ಅರ್ಧಕ್ಕೇ ಕೈಕೊಟ್ಟಿತು. ಬ್ಯಾಟರಿಯನ್ನು ತೆಗೆದು ಮೈಗೆ ಒತ್ತಿ ಬೆಚ್ಚಗಿಟ್ಟುಕೊಂಡರೆ ಮತ್ತೆ ನಡೆಯುತ್ತದೆ ಎಂದು ನಾನು ಹೇಳಿದೆ. ಬನಿಯನ್ ಒಳಗೆ ಎದೆಯ ಹತ್ತಿರ ಜೇಬು ಹೊಲಿದುಕೊಡುತ್ತೇನೆ ಎಂದರು ತಾಯಿ. ಹಾಗೆ ಆ ಪ್ರಶ್ನೆ ಬಗೆಹರಿಯಿತು.

ಅಷ್ಟರಲ್ಲಿ ಅಲ್ಲೊಂದು ಎಡವಟ್ಟಾಗಿತ್ತು. ಬಟರ್‌ಸ್ಕಾಚ್ ಕೇಳಿದ ಹೆಂಗಸೊಬ್ಬರು ಡಬ್ಬಿಗಳ ನಡುವೆ ಕ್ಯಾಮೆರಾ ಕಂಡು ಗಾಬರಿಯಾಗಿ, ಐಸ್‌ಕ್ರೀಮ್‌ಗೂ ಕಾವಲು ಹಾಕುವ ಕಾಲ ಬಂತೇ ಎಂದು ಕೇಳಿದ್ದಾರೆ. ಅಂಗಡಿಯವರಿಗೆ ಇಷ್ಟೆಲ್ಲ ವಿವರಿಸುವ ತಾಳ್ಮೆ ಇಲ್ಲ.

"ಬಾರ್ಡರ್‌ಗೆ ಹೋಗ್ತಿದೆ ಮೇಡಂ, ಟ್ರೈನಿಂಗ್ ನಡೀತಿದೆ," ಅಂದುಬಿಟ್ಟರಂತೆ.

೪. ಮುಂದೆ ಯಾವುದು?

ಉಳಿದಿದ್ದ ತೊಂದರೆ ಬಣ್ಣದ್ದು. ಆ ಕ್ಯಾಮೆರಾ ಕಿತ್ತಳೆ ಬಣ್ಣದ್ದು, ಬಿಳಿ ಹಿಮದಲ್ಲಿ ಎಷ್ಟು ದೂರಕ್ಕೂ ಕಾಣುತ್ತದೆ. ತಾಯಿ ಗಂಡನ ಹಳೆಯ ಯೂನಿಫಾರ್ಮ್ ಕತ್ತರಿಸಿ ಅದಕ್ಕೊಂದು ಚೀಲ ಹೊಲಿದು ತಂದರು. ಜೊತೆಗೆ ಅರಿಶಿನ ಕುಂಕುಮ, ಊದುಬತ್ತಿ, ನಿಂಬೆಹಣ್ಣು ಬಂದವು. ಹೊಸ ಬೈಕನ್ನು ಪೂಜೆಯಿಲ್ಲದೆ ಶೋರೂಮಿನಿಂದ ಹೊರಡಿಸುತ್ತೇವೆಯೇ? ಇದೂ ಹಾಗೇ.

ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಬೇಕಲ್ಲ. ಚಕ್ರ ಇಲ್ಲದ್ದರಿಂದ ಆಕೆ ಕ್ಯಾಮೆರಾವನ್ನೇ ನಿಂಬೆಹಣ್ಣಿನ ಮೇಲಿಟ್ಟು ಎರಡೂ ಕೈಯಲ್ಲಿ ಅದುಮಿದರು. ರಸ ನನ್ನ ಕನ್ನಡಕಕ್ಕೆ ಹಾರಿತು. ನಾನು ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಆಕೆ ಕುಂಕುಮ ಕಲೆಸಿ ಲೆನ್ಸಿನ ಗಾಜಿನ ಅಂಚಿಗೇ ಬೊಟ್ಟಿಟ್ಟಿದ್ದರು. ಅಮ್ಮಾ, ಅಲ್ಲಿ ಬೇಡ, ಅದು ಕ್ಯಾಮೆರಾದ ಕಣ್ಣು ಎಂದೆ. ಗಾಡಿಗೆ ಮುಂದೆ ತಾನೇ ಇಡುವುದು, ಇದಕ್ಕೆ ಮುಂದೆ ಇರುವುದು ಇದೇ ಎಂದರು ಆಕೆ. ಲೆನ್ಸ್ ಒರೆಸುವ ಬಟ್ಟೆ ಎತ್ತಿಕೊಂಡೆ. ಆಕೆ ನನ್ನ ಮಣಿಕಟ್ಟು ಹಿಡಿದರು.

"ಒರೆಸ್ಬೇಡಿ ಅಣ್ಣ. ಅಷ್ಟು ದೂರ ನಾನು ಜೊತೇಲಿ ಹೋಗಕ್ಕಾಗಲ್ಲ."

ಬಟ್ಟೆಯನ್ನು ಡ್ರಾಯರಿನಲ್ಲಿ ಹಾಕಿದೆ. ಆಕೆ ಆಚೆ ಹೋದ ಮೇಲೆ ಮಗನ ಕಿವಿಯಲ್ಲಿ, ರೈಲು ಹತ್ತಿದ ಮೇಲಾದರೂ ಒರೆಸಿಕೋ ಎಂದೆ.

"ಆಗಲ್ಲ ಸಾರ್," ಅಂದ ಆತ. "ಆರ್ಡರ್ ಮೇಲಿನವರ್ದು."

೫. ಹನ್ನೊಂದನೆಯ ಬೆರಳು

ಜೂನ್‌ನಲ್ಲಿ, ರಜೆಗೆ ಬಂದ ಇನ್ನೊಬ್ಬ ಯೋಧನ ಕೈಯಲ್ಲಿ ಮೆಮೊರಿ ಕಾರ್ಡ್ ಬಂತು. ತಂದೆ ತಾಯಿ ಇಬ್ಬರೂ ನೇರ ನನ್ನ ಅಂಗಡಿಗೆ ತಂದರು. ಫೋಟೋಗಳನ್ನು ಮೇಲಧಿಕಾರಿ ನೋಡಿ, ಜಾಗದ ಗುರುತು ಸಿಗುವಂಥವನ್ನೆಲ್ಲ ತೆಗೆದುಹಾಕಿದ್ದರು. ಹಿಮಾಲಯಕ್ಕೆ ಹೋದವನ ಫೋಟೋದಲ್ಲಿ ಉಳಿದದ್ದು ಡೇರೆಯ ಬಟ್ಟೆ, ಅದರ ಮುಂದೆ ಅಂಗೈ ಬಿಡಿಸಿ ನಿಂತ ಈತ. ಎಲ್ಲದರಲ್ಲೂ ಬಲ ಮೂಲೆಯಲ್ಲಿ ಕೆಂಪು ಮಂಜು. ಕುಂಕುಮ ಒರೆಸಿರಲಿಲ್ಲ.

ತಾಯಿ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು ಎಣಿಸಿದರು. ಎಂಟು, ಒಂಬತ್ತು, ಹತ್ತು. ಉಸಿರು ಬಿಟ್ಟರು. ಆಮೇಲೆ ಮತ್ತೆ ಹತ್ತಿರ ಬಾಗಿ, ಹನ್ನೊಂದು ಎಂದರು.

ಫೋಟೋ ದೊಡ್ಡದು ಮಾಡಿ ನೋಡಿದರೆ ಆತನ ಭುಜದ ಮೇಲೊಂದು ಹೆಬ್ಬೆಟ್ಟು. ಚಿತ್ರದ ಆಚೆ ನಿಂತ ಯಾರೋ ಗೆಳೆಯ ಭುಜ ಹಿಡಿದಿದ್ದಾನೆ, ಬೇರೇನೂ ಕಾಣುವುದಿಲ್ಲ. ನಾನು ನಕ್ಕೆ. ತಂದೆಯೂ ನಕ್ಕರು. ಆಕೆ ನಗಲಿಲ್ಲ.

"ಆ ಹೆಬ್ಬೆಟ್ಟಿನ ತಾಯಿಗೂ ಒಂದು ಕಾಪಿ ಹಾಕ್ಕೊಡಿ ಅಣ್ಣ," ಅಂದರು. ಮುಂದಿನ ಸಲ ಯಾರನ್ನೂ ಆಚೆ ನಿಲ್ಲಿಸಬಾರದು, ಎಲ್ಲರೂ ಪೂರ್ತಿ ನಿಲ್ಲಬೇಕು ಎಂದು ಮಗನಿಗೆ ಕಾಗದ ಬರೆಸಿದರು.

೬. ಎಪ್ಪತ್ತೊಂಬತ್ತು

ಆಮೇಲೆ ಮೂರು ತಿಂಗಳು ಏನೂ ಬರಲಿಲ್ಲ. ತಾಯಿ ಪ್ರತಿ ಗುರುವಾರ ಬಂದು ಸ್ಟೂಲಿನ ಮೇಲೆ ಕೂರುವರು. ಸ್ವಲ್ಪ ಹೊತ್ತು ಕೂತು, ಬರ್ತೀನಿ ಅಣ್ಣ ಎಂದು ಎದ್ದು ಹೋಗುವರು. ಆ ದಿನಗಳಲ್ಲಿ ನಾನು ಮೆಗಾಪಿಕ್ಸೆಲ್ ಎಂಬ ಪದವನ್ನೇ ಯಾರ ಮುಂದೆಯೂ ಎತ್ತಲಿಲ್ಲ.

ದಸರಾ ಕಳೆದ ಮೇಲೆ ಇನ್ನೊಂದು ಮೆಮೊರಿ ಕಾರ್ಡ್ ಬಂತು. ಅದರಲ್ಲಿ ಇದ್ದದ್ದು ಒಂದೇ ಫೋಟೋ. ಡೇರೆಯ ಮುಂದೆ ಎಂಟು ಜನ ಸಾಲಾಗಿ ನಿಂತು, ಶಾಲೆಯ ಮಕ್ಕಳ ಹಾಗೆ ಎರಡೂ ಅಂಗೈ ಎತ್ತಿ ತೋರಿಸುತ್ತಿದ್ದರು. ಎಂಟು ಜನರಿಗೆ ಎಂಬತ್ತು ಬೆರಳು. ತಾಯಿ ಎಣಿಸಿದರು, ಎಪ್ಪತ್ತೊಂಬತ್ತು. ತಂದೆ ಎಣಿಸಿದರು, ಎಪ್ಪತ್ತೊಂಬತ್ತು. ನಾನು ಭೂತಗನ್ನಡಿ ಹಿಡಿದು ಎಣಿಸಿದೆ. ಅಷ್ಟೇ.

ಬಲ ತುದಿಯವನ ಕೈ ಕೆಂಪು ಮಂಜಿನಲ್ಲಿತ್ತು. ಆ ಬೆರಳು ಕುಂಕುಮದ ಮರೆಯಲ್ಲಿದೆ, ಚಿಂತೆಯಿಲ್ಲ ಎಂದು ನನಗಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಹೇಳಿದೆ. ನಿಮ್ಮ ಮಗನ ಹತ್ತೂ ಸರಿಯಾಗಿವೆಯಲ್ಲ ಎಂದೂ ಹೇಳಿದೆ.

"ಅದನ್ನ ಮೊದ್ಲೇ ಎಣಿಸ್ದೆ," ಅಂದರು ಆಕೆ. "ಪಕ್ಕದೋನ್ದು ಹೋದ್ರೆ ಇವನ್ದು ಎಷ್ಟು ದೂರ ಅಣ್ಣ?"

ಎಲ್ಲರೂ ಕ್ಷೇಮವಾಗಿದ್ದರೆ ವಸಂತಪುರದ ದೇವಸ್ಥಾನದಲ್ಲಿ ಬೆರಳಿಗೊಂದು ತೆಂಗಿನಕಾಯಿ ಒಡೆಸುತ್ತೇನೆ ಎಂದು ಆಕೆ ಅಲ್ಲೇ ನಿಂತು ಹರಕೆ ಹೊತ್ತರು.

ಮುಂದಿನ ಬೇಸಿಗೆಯಲ್ಲಿ ಮಗ ಬಂದ. ತಂದೆ ತಾಯಿಯ ಜೊತೆ ಅಂಗಡಿಗೂ ಬಂದು, ನಾನು ಕೇಳುವ ಮೊದಲೇ ಹೊಸ ದಪ್ಪ ಗಾಜಿನ ಮೇಲೆ ಎರಡೂ ಕೈ ಬಿಡಿಸಿ ಇಟ್ಟ. ಹತ್ತೂ ಇದ್ದವು. ಕಪ್ಪಗಾಗಿದ್ದವು, ತುದಿ ಒಡೆದಿದ್ದವು, ಆದರೆ ಇದ್ದವು. ನಾನು ಇನ್ನೊಂದು ಸಲ ಎಣಿಸಿದೆ. ಆಮೇಲೆ ಆ ಎಂಬತ್ತನೆಯ ಬೆರಳು ಎಲ್ಲಿ ಎಂದು ಕೇಳಿದೆ.

ಆತ ನಕ್ಕುಬಿಟ್ಟ. ತುದಿಯಲ್ಲಿದ್ದವನು ಯೋಧನೇ ಅಲ್ಲವಂತೆ, ಠಾಣ್ಯಕ್ಕೆ ಸಾಮಾನು ಹೊತ್ತು ತರುವ ಅಲ್ಲಿಯ ಹಳ್ಳಿಯವನು. ಯಾರನ್ನೂ ಆಚೆ ನಿಲ್ಲಿಸಬೇಡ ಎಂದು ಅಮ್ಮ ಬರೆಸಿದ್ದರಿಂದ ಅವನನ್ನೂ ಎಳೆದು ನಿಲ್ಲಿಸಿದ್ದರು. ಅವನ ಕಿರುಬೆರಳು ಚಿಕ್ಕಂದಿನಲ್ಲೇ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಎಣಿಕೆ ಸರಿಯಿತ್ತು, ಕುಂಕುಮವೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅಷ್ಟು ಜನರಲ್ಲಿ ತಪ್ಪು ಹೇಳಿದವನು ನಾನೊಬ್ಬನೇ.

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಗಾದರೆ ಎಪ್ಪತ್ತೊಂಬತ್ತು ಕಾಯಿ ಎಂದು ಲೆಕ್ಕ ಹಾಕಿದೆ ನಾನು. ಆಕೆ ತಲೆಯಾಡಿಸಿ, ಗಂಡನ ಎಡಗೈ ಎತ್ತಿ ಮಗನ ಕೈಗಳ ಪಕ್ಕದಲ್ಲಿ ಇಟ್ಟರು.

"ಎಂಬತ್ತೇಳು. ಇವರ ಎಂಟೂ ಸೇರ್ಸಿ. ಅವತ್ತು ಇವರು ಮನೆಗೆ ಬಂದಾಗ ಸಿಟ್ಟಲ್ಲಿ ಹೋಗಿದ್ದೆರಡನ್ನೇ ಎಣಿಸ್ದೆ, ಉಳಿದಿದ್ದನ್ನ ಎಣಿಸ್ಲೇ ಇಲ್ಲ."

ತಂದೆ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಅಷ್ಟೂ ಕಾಯಿ ಸುಲಿಯೋದು ಈ ಎಂಟೇ ತಾನೇ ಸಾರ್?"